ಎಚ್‌1ಎನ್‌1: ಹಂದಿ ಸಾರಿನ ತಪ್ಪೇನೂ ಇಲ್ಲ

ನಮ್ಮ ಚಿಕ್ಕಮಗಳೂರಿನ ಕಡೆ ಎಚ್‌1ಎನ್‌1 (ಜನ ಹಂದಿ ಜ್ವರ ಅನ್ನುವ ಫ್ಲೂ) ಸುದ್ದಿ ಬಂದರೆ ಮೊದಲು ನಿಲ್ಲುವುದು ಹಂದಿ ಸಾರು. ಸುಮ್ನೆ ಯಾಕೆ ಬಿಡಬೇಕು? ಚೆನ್ನಾಗಿ ಬೆಂದ ಮಾಂಸದಿಂದ ಇದು ಬರುವುದಿಲ್ಲ. ಬರುವುದು ಪಕ್ಕದವರ ಕೆಮ್ಮು, ಸೀನಿನ ಹನಿಗಳಿಂದ. ಆ ಹನಿ ಬಿದ್ದ ಕಂಬಿ ಹಿಡಿದು, ಅದೇ ಕೈಯಲ್ಲಿ ಮೂಗು, ಕಣ್ಣು ಉಜ್ಜಿಕೊಂಡರೂ ಬರಬಹುದು. ಬೆಳಗಿನ ತುಂಬಿದ ಬಸ್ಸು, ತೋಟದ ಕೆಲಸಕ್ಕೆ ಆಳು ಕರೆದೊಯ್ಯುವ ಜೀಪು ಇದಕ್ಕೆ ಹೇಳಿ ಮಾಡಿಸಿದ ಜಾಗ. ಚಳಿಯಾದರೂ ಸರಿ, ಕಿಟಕಿ ತೆಗೆದಿಡಿ. ಮನೆಗೆ ಬಂದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ.

ಜ್ವರ, ಗಂಟಲು ನೋವು, ಮೈಕೈ ನೋವು ಬಂದರೆ ಮನೆಯಲ್ಲೇ ಇರಿ. ಹೆಚ್ಚಿನವರಿಗೆ ವಾರದಲ್ಲಿ ತಾನಾಗೇ ವಾಸಿಯಾಗುತ್ತದೆ. ಆದರೆ ಗರ್ಭಿಣಿಯರು, ಚಿಕ್ಕ ಮಕ್ಕಳು, 65 ದಾಟಿದವರು, ಸಕ್ಕರೆ ಕಾಯಿಲೆ, ಅಸ್ತಮಾ ಇರುವವರು ಕಾಯುತ್ತಾ ಕೂರಬೇಡಿ. ಈ ವೈರಸ್ಸನ್ನು ತಡೆಯುವ ಒಸೆಲ್ಟಮಿವಿರ್ ಮಾತ್ರೆಯನ್ನು ಲಕ್ಷಣ ಕಂಡ 48 ಗಂಟೆಯೊಳಗೆ ಶುರು ಮಾಡಿದರೆ ಪರಿಣಾಮ ಜಾಸ್ತಿ. ಅದೂ ಡಾಕ್ಟರ್ ಬರೆದುಕೊಟ್ಟರೆ ಮಾತ್ರ. ಮೆಡಿಕಲ್ ಶಾಪಿನಲ್ಲಿ ಕೇಳಿ ಆಂಟಿಬಯೋಟಿಕ್ ನುಂಗಬೇಡಿ, ವೈರಸ್ಸಿಗೆ ಅದು ನಾಟುವುದಿಲ್ಲ. ಉಸಿರಾಡಲು ಕಷ್ಟ, ಎದೆ ನೋವು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಕಾಡಂಚಿನಲ್ಲಿ ಓಡಾಡಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯೂ ಹೀಗೇ ಜ್ವರ, ಮೈಕೈ ನೋವಿನಿಂದ ಶುರುವಾಗುತ್ತದೆ, ಅಲ್ವಾ.