ಹೆಸರಿನ ಕೊನೆಯ ‘ವ್ವ’: ಹೆಂಡತಿಗೆ ನೆದರ್ಲೆಂಡ್ಸ್ ರೆಸಿಡೆನ್ಸಿ ಮಾಡಿಸಿದ ನನ್ನ ಅನುಭವ

2023ರ ಜೂನ್‌ನಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ ನಗರದ ಒಂದು ಕಂಪನಿಯಿಂದ ಆಫರ್ ಲೆಟರ್ ಬಂದಾಗ ನಾನು ಬೆಂಗಳೂರಿನಲ್ಲಿದ್ದೆ. ನನ್ನ ಹೆಂಡತಿ ಕೊಪ್ಪಳ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ, ಅಪ್ಪ ಅವ್ವನ ಜೊತೆ ಇದ್ದಳು. ಲೆಟರಿನ ಜೊತೆ ಬಂದ ಫಾರ್ಮಿನಲ್ಲಿ ಕುಟುಂಬದವರೂ ಬರುತ್ತಾರೆಯೇ ಎಂದು ಕೇಳಿದ್ದರು. ಹೌದು ಎಂದು ಬರೆದು ಕಳಿಸಿದೆ. ಹೆಂಡತಿಗೆ ಬೇಕಾದ ಕಾಗದಗಳ ಪಟ್ಟಿ ಬಹಳ ಚಿಕ್ಕದಿತ್ತು: ಪಾಸ್‌ಪೋರ್ಟ್, ಅಪಾಸ್ಟಿಲ್ (ಕಾಗದ ಅಸಲಿ ಎಂದು ಬೇರೆ ದೇಶದವರು ಒಪ್ಪುವಂತೆ ನಮ್ಮ ಸರ್ಕಾರ ಹಾಕುವ ದೃಢೀಕರಣ) ಆದ ಮದುವೆ ಪ್ರಮಾಣಪತ್ರ, ತನ್ನ ಮೇಲೆ ಅಪರಾಧದ ಕೇಸುಗಳಿಲ್ಲ ಎಂದು ಆಕೆಯೇ ಸಹಿ ಮಾಡುವ ಒಂದು ಘೋಷಣೆ. ಇಷ್ಟಕ್ಕೆ ಎಷ್ಟು ದಿನ ಬೇಕು ಅಂದುಕೊಂಡೆ. ಕೊನೆಗೆ ಆ ಮಧ್ಯದ ಕಾಗದವೇ ನಮ್ಮಿಬ್ಬರನ್ನು ಐದು ತಿಂಗಳು ಬೇರೆ ಬೇರೆ ದೇಶದಲ್ಲಿ ಇಟ್ಟಿತು.

ನಮ್ಮ ಮದುವೆ ಆಗಿದ್ದು 2021ರಲ್ಲಿ, ಒಂದು ಮಠದ ಸಾಮೂಹಿಕ ವಿವಾಹದಲ್ಲಿ. ನಮ್ಮ ಕಡೆ ಇದು ಹೊಸದಲ್ಲ. ಸಾಲ ಮಾಡಿ ಲಗ್ನ ಮಾಡುವುದಕ್ಕಿಂತ ಸ್ವಾಮಿಗಳ ಎದುರು ತಾಳಿ ಕಟ್ಟುವುದೇ ಲೇಸು ಎಂದು ಎರಡೂ ಮನೆಯವರು ಒಪ್ಪಿದ್ದರು. ಮಠದವರು ಮುದ್ರೆ ಹಾಕಿದ ಚಂದದ ಪತ್ರವನ್ನೂ ಕೊಟ್ಟಿದ್ದರು, ಅವ್ವ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ಅದು ಮದುವೆಯ ಸಾಕ್ಷಿ ಹೌದು, ಆದರೆ ವಿದೇಶದ ಯಾವ ಕಚೇರಿಯೂ ಅದನ್ನು ಒಪ್ಪುವುದಿಲ್ಲ. ಅವರಿಗೆ ಬೇಕಾದ್ದು ಸರ್ಕಾರ ಕೊಟ್ಟ ಪ್ರಮಾಣಪತ್ರ, ಅಂದರೆ ಹಿಂದೂ ವಿವಾಹ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿ ಸಿಗುವುದು. ಎಲ್ಲ ಮದುವೆಗಳೂ ನೋಂದಣಿ ಆಗಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಆದರೂ ನಮ್ಮ ಹಳ್ಳಿಗಳಲ್ಲಿ ಯಾವುದಕ್ಕಾದರೂ ಕಾಗದ ಬೇಕಾಗುವ ತನಕ ಯಾರೂ ಆ ಕಚೇರಿ ಕಡೆ ಹೋಗುವುದಿಲ್ಲ. ನಾವೂ ಹೋಗಿರಲಿಲ್ಲ.

ಜುಲೈನಲ್ಲಿ ರಜೆ ಹಾಕಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದೆ. ಲಗ್ನಪತ್ರಿಕೆ, ತಾಳಿ ಕಟ್ಟುವ ಫೋಟೊ, ವಯಸ್ಸಿನ ದಾಖಲೆ, ಇಬ್ಬರ ಆಧಾರ್, ಮೂವರು ಸಾಕ್ಷಿಗಳು ಮತ್ತು ಅವರ ಆಧಾರ್. ಕಾಗದ ಹೊಂದಿಸುವುದು ಸುಲಭವಾಯಿತು, ಮೂವರು ಮನುಷ್ಯರನ್ನು ಹೊಂದಿಸುವುದು ಕಷ್ಟವಾಯಿತು. ಮಳೆ ಬಿದ್ದು ಹೊಲದಲ್ಲಿ ಎಡೆ ಹೊಡೆಯುವ ಕಾಲ ಅದು. ಮಾವ ಬಿತ್ತಿದ ಸಜ್ಜೆ ಬಿಟ್ಟು ಬಂದರು. ಕಾಕಾ ಬಂದವರೇ ಕೇಳಿದರು: “ಲಗ್ನ ಆಗಿ ಎರಡ ವರ್ಷ ಆಗಾಕ ಬಂತಲ್ಲೋ ತಮ್ಮಾ, ಸಾವಿರ ಮಂದಿ ಅಕ್ಕಿಕಾಳ ಹಾಕ್ಯಾರ, ಈಗ ಮತ್ತ್ಯಾಕ ಸಾಕ್ಷಿ?” ಆ ದೇಶದವರಿಗೆ ಆ ಸಾವಿರ ಮಂದಿ ಕಾಣುವುದಿಲ್ಲ ಕಾಕಾ, ಈ ಒಂದು ಹಾಳೆ ಅಷ್ಟೇ ಕಾಣುತ್ತದೆ ಎಂದೆ. ಅವರು ಮತ್ತೇನೂ ಕೇಳದೆ ಸಹಿ ಮಾಡಿದರು.

ನನ್ನ ತಪ್ಪು ಆದದ್ದು ಅಲ್ಲೇ. ಪ್ರಿಂಟ್ ತೆಗೆಯುವ ಮೊದಲು ಕಂಪ್ಯೂಟರ್ ಮುಂದಿದ್ದವರು ಪರದೆಯನ್ನು ನನ್ನ ಕಡೆ ತಿರುಗಿಸಿ, ಸರಿ ಐತಾ ನೋಡ್ಕೊರಿ ಎಂದರು. ನಾನು ಕನ್ನಡದ ಸಾಲುಗಳನ್ನು ನೋಡಿದೆ, ದಿನಾಂಕ ನೋಡಿದೆ, ಸರಿ ಎಂದೆ. ಇಂಗ್ಲಿಷ್ ಸಾಲನ್ನು ಓದಲಿಲ್ಲ.

ನನ್ನ ಹೆಂಡತಿಯ ಹೆಸರು ಊರ ದೇವಿಯದು, ‘ವ್ವ’ ಎಂದು ಮುಗಿಯುತ್ತದೆ. ಕನ್ನಡದಲ್ಲಿ ಅದನ್ನು ಬರೆಯಲು ಇರುವುದು ಒಂದೇ ದಾರಿ. ಇಂಗ್ಲಿಷಿಗೆ ಹೋದರೆ ಒಬ್ಬರು ಎರಡು ‘ವಿ’ ಹಾಕುತ್ತಾರೆ, ಇನ್ನೊಬ್ಬರು ಎರಡು ‘ಡಬ್ಲ್ಯು’ ಹಾಕುತ್ತಾರೆ, ಮತ್ತೊಬ್ಬರು ಒಂದೇ ‘ವಿ’ಗೆ ನಿಲ್ಲಿಸುತ್ತಾರೆ. ಆಕೆಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾಸ್‌ಪೋರ್ಟ್ ಎರಡರಲ್ಲೂ ಎರಡು ‘ಡಬ್ಲ್ಯು’. ಆಧಾರ್‌ನಲ್ಲಿ ಎರಡು ‘ವಿ’. ಪ್ರಮಾಣಪತ್ರ ತಯಾರಾಗಿದ್ದು ಆಧಾರ್ ನೋಡಿ. ನಮ್ಮ ಭಾಗದಲ್ಲಿ ಇಂಥ ಹೆಸರಿನ ಹೆಣ್ಣುಮಕ್ಕಳು ಸಾವಿರಾರು. ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಯಾವ ಅಕ್ಷರ ಬರೆದರೋ ಅದು ಒಂದು ದಾರಿ ಹಿಡಿಯುತ್ತದೆ, ಆಧಾರ್ ಕ್ಯಾಂಪಿನಲ್ಲಿ ಕುಳಿತ ಹುಡುಗ ಯಾವ ಅಕ್ಷರ ಒತ್ತಿದನೋ ಅದು ಬೇರೆ ದಾರಿ ಹಿಡಿಯುತ್ತದೆ. ಊರಲ್ಲಿ ಇರುವಷ್ಟು ಕಾಲ ಅವೆರಡು ಎದುರಾಗುವುದೇ ಇಲ್ಲ.

ಗೊತ್ತಿಲ್ಲದೆ ನಾನು ಮುಂದಿನ ಹೆಜ್ಜೆಗೂ ಹೋದೆ. ಮದುವೆ ಪ್ರಮಾಣಪತ್ರಕ್ಕೆ ಮೊದಲು ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ದೃಢೀಕರಣ ಆಗಬೇಕು, ಆಮೇಲೆ ಕೇಂದ್ರದ ವಿದೇಶಾಂಗ ಸಚಿವಾಲಯ ಅಪಾಸ್ಟಿಲ್ ಅಂಟಿಸುತ್ತದೆ. ಒಂದು ದಾಖಲೆಗೆ ಸಚಿವಾಲಯದ ಶುಲ್ಕ 50 ರೂಪಾಯಿ. ಅವರು ನೇರವಾಗಿ ಕಾಗದ ತೆಗೆದುಕೊಳ್ಳುವುದಿಲ್ಲ, ಅವರೇ ನೇಮಿಸಿದ ಏಜೆನ್ಸಿಗಳ ಮೂಲಕ ಕೊಡಬೇಕು, ಆ ಸೇವಾ ಶುಲ್ಕ ಬೇರೆ. ಇದನ್ನು ತಿಳಿಯದೆ ನಾನು ಮೊದಲು ಫೋನ್ ಮಾಡಿದ್ದು ಒಬ್ಬ ಖಾಸಗಿ ಏಜೆಂಟರಿಗೆ. ಎಂಬೆಸಿ ಮುದ್ರೆಯೂ ಬೇಕು ಎಂದು ಅದಕ್ಕೆ ಬೇರೆ ರೇಟು ಹೇಳಿದರು. ದುಬೈನಲ್ಲಿರುವ ನಮ್ಮೂರ ಹುಡುಗನೂ ಹಾಗೇ ಹೇಳಿದ. ಅವನ ಮಟ್ಟಿಗೆ ಅದು ಸರಿ: ಆತ ಅಲ್ಲಿಗೆ ಹೋದಾಗ ಯುಎಇ ಅಪಾಸ್ಟಿಲ್ ಒಪ್ಪಂದದಲ್ಲಿ ಇರಲಿಲ್ಲ, ಹಾಗಾಗಿ ಎಂಬೆಸಿ ದೃಢೀಕರಣ ಬೇಕಾಯಿತು. ನೆದರ್ಲೆಂಡ್ಸ್ ಆ ಒಪ್ಪಂದದಲ್ಲಿದೆ, ಭಾರತ ಸೇರಿದ್ದು 2005ರಲ್ಲಿ. ಆದ್ದರಿಂದ ಅಪಾಸ್ಟಿಲ್ ಇದ್ದರೆ ಸಾಕು, ಎಂಬೆಸಿಯ ಬಾಗಿಲಿಗೆ ಹೋಗುವ ಕೆಲಸವಿಲ್ಲ. ನೀವು ಹೋಗುವ ದೇಶ ಯಾವುದು ಎನ್ನುವುದರ ಮೇಲೆ ಈ ದಾರಿ ಬದಲಾಗುತ್ತದೆ. ಪಕ್ಕದ ಮನೆಯವರು ಗಲ್ಫಿಗೆ ಹೋದ ದಾರಿಯಲ್ಲೇ ಯುರೋಪಿಗೆ ಹೋಗಲು ನೋಡಬೇಡಿ.

ಆಗಸ್ಟ್ ಕೊನೆಗೆ ಎಲ್ಲ ಕಾಗದ ಸ್ಕ್ಯಾನ್ ಮಾಡಿ ಕಳಿಸಿದೆ. ಎರಡನೇ ದಿನ ಕಂಪನಿಯ ವಕೀಲರಿಂದ ಉತ್ತರ ಬಂತು. ಪಾಸ್‌ಪೋರ್ಟಿನ ಹೆಸರು, ಪ್ರಮಾಣಪತ್ರದ ಹೆಸರು ಎರಡೂ ಒಬ್ಬರವೇ ಎಂದು ಹೇಗೆ ನಂಬುವುದು ಎಂದು ಕೇಳಿದ್ದರು. ಹಾಗೇ ಅರ್ಜಿ ಹಾಕಿ ನೋಡಬಹುದು, ಆದರೆ ತಿರಸ್ಕಾರವಾದರೆ ಇನ್ನೂ ತಡ, ಸರಿಪಡಿಸಿ ಕಳಿಸಿ ಎಂದರು. ಆ ರಾತ್ರಿ ಅವಳಿಗೆ ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ನನ್ನ ಹೆಸರ ನಾನೇ ಓದಿ ನೋಡಬೇಕಿತ್ತು ರೀ” ಎಂದಳು. ತಪ್ಪು ಅವಳದಲ್ಲ. ಪರದೆ ತಿರುಗಿಸಿದ್ದು ನನ್ನ ಕಡೆಗೆ. ಎಂಎಸ್ಸಿ ಓದಿದ ಹೆಂಡತಿ ಪಕ್ಕದಲ್ಲೇ ಕೂತಿದ್ದಾಗ ಅವಳ ಹೆಸರನ್ನು ಅವಳಿಗೆ ತೋರಿಸದೆ ನಾನೊಬ್ಬನೇ ಸರಿ ಎಂದದ್ದು ನನಗೆ ಇವತ್ತಿಗೂ ಚುಚ್ಚುತ್ತದೆ.

ಸೆಪ್ಟೆಂಬರ್‌ನಲ್ಲಿ ನಾನು ಒಬ್ಬನೇ ಹೊರಟೆ. ನನ್ನ ಅರ್ಜಿ ಬೇಗ ಆಗಿತ್ತು. ಕಂಪನಿ ಅಲ್ಲಿನ ವಲಸೆ ಇಲಾಖೆಯ, ಅಂದರೆ ಐಎನ್‌ಡಿಯ, ಮಾನ್ಯತೆ ಪಡೆದ ಸ್ಪಾನ್ಸರ್ (ಹೊರದೇಶದವರನ್ನು ಕೆಲಸಕ್ಕೆ ಕರೆಸಿಕೊಳ್ಳಲು ಆ ಇಲಾಖೆ ಒಪ್ಪಿದ ಕಂಪನಿ). ಪರಿಣತ ಕೆಲಸಗಾರರ ಪರವಾನಗಿಗೆ ಆ ವರ್ಷ 30 ವರ್ಷದೊಳಗಿನವರಿಗೆ ತಿಂಗಳಿಗೆ 3,672 ಯೂರೊ ಸಂಬಳ ಇರಬೇಕಿತ್ತು, 30 ದಾಟಿದವರಿಗೆ 5,008. ಈ ಮೊತ್ತ ಪ್ರತಿ ವರ್ಷ ಏರುತ್ತದೆ. ಗಂಡ ಹೆಂಡತಿಯ ಅರ್ಜಿಗಳನ್ನು ಕಂಪನಿ ಒಟ್ಟಿಗೇ ಹಾಕಬಹುದು, ಒಟ್ಟಿಗೇ ಹಾಕಿಸಿದರೆ ಬಹಳ ಅನುಕೂಲ. ನಮಗೆ ಆ ಅವಕಾಶ ಕೈತಪ್ಪಿತು.

ಊರಲ್ಲಿ ತಿದ್ದುಪಡಿಯ ಓಡಾಟ ಅವಳ ಮೇಲೆ ಬಿತ್ತು. ಅರ್ಜಿ, ಎರಡೂ ಹೆಸರು ಒಬ್ಬಳದೇ ಎಂದು ನೋಟರಿ ಮುಂದೆ ಮಾಡಿಸಿದ ಅಫಿಡವಿಟ್, ಅಂಕಪಟ್ಟಿ ಮತ್ತು ಪಾಸ್‌ಪೋರ್ಟಿನ ಜೆರಾಕ್ಸ್. ಇಂದು ಸಾಹೇಬರಿಲ್ಲ, ನಾಳೆ ಸರ್ವರ್ ಇಲ್ಲ. ನಾಲ್ಕು ಸಲ ಮಾವನ ಬೈಕಿನ ಹಿಂದೆ ಕೂತು ತಾಲ್ಲೂಕಿಗೆ ಹೋಗಿ ಬಂದಳು. ಮೊದಲು ಆಧಾರ್‌ನ ಅಕ್ಷರವನ್ನು ಪಾಸ್‌ಪೋರ್ಟಿಗೆ ಸರಿಹೊಂದಿಸಿದಳು, ಆಮೇಲೆ ಪ್ರಮಾಣಪತ್ರವನ್ನು. ಈ ಕ್ರಮ ಅವಳೇ ಯೋಚಿಸಿದ್ದು: ಆಧಾರ್ ಹಾಗೇ ಬಿಟ್ಟರೆ ನಾಳೆ ಇನ್ನೊಂದು ಕಾಗದದಲ್ಲಿ ಅದೇ ತಪ್ಪು ಮತ್ತೆ ಬರುತ್ತದೆ ಎಂದಳು. ಹೊಸ ಪ್ರಮಾಣಪತ್ರ ಕೈಗೆ ಬಂದಾಗ ಅಕ್ಟೋಬರ್ ಮುಗಿಯುತ್ತಿತ್ತು. ಈ ಸಲ ಮೂರು ಪ್ರತಿ ತೆಗೆಸಿದಳು. ಹಳೆಯ ಅಪಾಸ್ಟಿಲ್ ಹಳೆಯ ಹಾಳೆಗೆ ಮಾತ್ರ, ಹಾಗಾಗಿ ರಾಜ್ಯದ ದೃಢೀಕರಣ, ಸಚಿವಾಲಯದ ಅಪಾಸ್ಟಿಲ್ ಎರಡೂ ಮೊದಲಿಂದ. ನಮ್ಮ ಪ್ರಮಾಣಪತ್ರದಲ್ಲಿ ಕನ್ನಡದ ಜೊತೆ ಇಂಗ್ಲಿಷೂ ಇದ್ದುದರಿಂದ ಅನುವಾದದ ಖರ್ಚು ಉಳಿಯಿತು. ಡಚ್, ಇಂಗ್ಲಿಷ್, ಫ್ರೆಂಚ್, ಜರ್ಮನ್ ಬಿಟ್ಟು ಬೇರೆ ಭಾಷೆಯ ಕಾಗದವಾದರೆ ಪ್ರಮಾಣವಚನ ಮಾಡಿದ ಅನುವಾದಕರಿಂದ ಮಾಡಿಸಬೇಕು.

ನವೆಂಬರ್ ಕೊನೆಗೆ ಕಂಪನಿ ಅವಳ ಅರ್ಜಿ ಹಾಕಿತು. ಐಎನ್‌ಡಿಗೆ ಕಾನೂನು ಕೊಟ್ಟ ಅವಧಿ 90 ದಿನ, ನಮಗೆ ಸುಮಾರು ಏಳು ವಾರದಲ್ಲಿ ಒಪ್ಪಿಗೆ ಬಂತು. ಬೇರೆ ಬಗೆಯ ಸಂಗಾತಿ ವೀಸಾಗಳಿಗೆ ಊರಿನಲ್ಲೇ ಡಚ್ ಭಾಷೆಯ ಪರೀಕ್ಷೆ ಪಾಸಾಗಬೇಕು. ಪರಿಣತ ಕೆಲಸಗಾರರ ಸಂಗಾತಿಗೆ ಅದು ಇಲ್ಲ. ಒಪ್ಪಿಗೆ ಬಂದ ಮೇಲೆ ಬೆಂಗಳೂರಿನ ವೀಸಾ ಕೇಂದ್ರಕ್ಕೆ ಹೋಗಿ ಬೆರಳಚ್ಚು, ಫೋಟೊ ಕೊಟ್ಟು, ಎಂವಿವಿ ಎನ್ನುವ ಪ್ರವೇಶ ವೀಸಾದ ಸ್ಟಿಕ್ಕರ್ ಪಾಸ್‌ಪೋರ್ಟಿಗೆ ಹಾಕಿಸಿಕೊಳ್ಳಬೇಕು. ಅದಕ್ಕೆ 90 ದಿನದ ಅವಧಿ. ಜನವರಿಯಲ್ಲಿ ಗವಿಮಠದ ಜಾತ್ರೆ ಇತ್ತು. ಪ್ರತಿ ವರ್ಷದಂತೆ ಊರ ಹೆಣ್ಣುಮಕ್ಕಳ ಜೊತೆ ಕೂತು ದಾಸೋಹಕ್ಕೆ ಜೋಳದ ರೊಟ್ಟಿ ಬಡಿದು ಕಳಿಸಿ, ತೇರು ನೋಡಿ, ಫೆಬ್ರವರಿಯಲ್ಲಿ ವಿಮಾನ ಹತ್ತಿದಳು. ಒಂದು ಬ್ಯಾಗಿನ ಅರ್ಧ ಶೇಂಗಾ ಚಟ್ನಿಪುಡಿ, ಕಡಕ್ ರೊಟ್ಟಿ. ಅಪಾಸ್ಟಿಲ್ ಆದ ಮೂಲ ಪ್ರತಿಯನ್ನು ಮಾತ್ರ ಕೈಚೀಲದಲ್ಲಿ ಇಟ್ಟುಕೋ ಎಂದು ಹೇಳಿದ್ದೆ, ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲವಂತೆ.

ಇಲ್ಲಿಗೆ ಬಂದ ಮೇಲೆ ಎಡವುವ ಜಾಗ ಮನೆ ವಿಳಾಸ. ಬಂದ 5 ದಿನದೊಳಗೆ ನಗರಸಭೆಯಲ್ಲಿ ವಿಳಾಸ ನೋಂದಣಿಗೆ ಮುಂದಾಗಬೇಕು. ಅದಾದರೇ ಬಿಎಸ್‌ಎನ್ ಎಂಬ ನಾಗರಿಕ ಸಂಖ್ಯೆ, ಆ ಸಂಖ್ಯೆ ಇದ್ದರೇ ಬ್ಯಾಂಕು, ಸಂಬಳ, ಎಲ್ಲ. ಆದರೆ ಎಷ್ಟೋ ಬಾಡಿಗೆ ಕೋಣೆಗಳಲ್ಲಿ ಇಬ್ಬರ ಹೆಸರು ನೋಂದಾಯಿಸಲು ಮಾಲೀಕರು ಬಿಡುವುದಿಲ್ಲ. ನಾನಿದ್ದ ಕೋಣೆಯೂ ಅಂಥದ್ದೇ. ಡಿಸೆಂಬರಿನಲ್ಲೇ ಅದನ್ನು ಬಿಟ್ಟು, ಬಾಡಿಗೆ ಕರಾರಿನಲ್ಲಿ ಇಬ್ಬರಿಗೂ ನೋಂದಣಿ ಒಪ್ಪಿಗೆ ಬರೆಸಿಕೊಂಡು ಬೇರೆ ಮನೆ ಹಿಡಿದಿದ್ದೆ. ನಗರಸಭೆಯ ಕಿಟಕಿಯಲ್ಲಿ ಕೂತಿದ್ದ ಹೆಣ್ಣುಮಗಳು ಪ್ರಮಾಣಪತ್ರ, ಪಾಸ್‌ಪೋರ್ಟ್ ಅಕ್ಕಪಕ್ಕ ಇಟ್ಟು ಪೆನ್ನಿನ ತುದಿಯಿಂದ ಒಂದೊಂದೇ ಅಕ್ಷರ ಹೋಲಿಸಿ ನೋಡಿದಳು. ಹೆಸರಿನ ಕೊನೆಗೆ ಬಂದಾಗ ನಾನು ಉಸಿರು ಹಿಡಿದಿದ್ದೆ.

ಕ್ಷಯದ ತಪಾಸಣೆ ಮೂರು ತಿಂಗಳೊಳಗೆ ಆಗಬೇಕು, ಎದೆಯ ಎಕ್ಸ್‌ರೇ ಅಷ್ಟೆ. ಆರೋಗ್ಯ ವಿಮೆ ನಾಲ್ಕು ತಿಂಗಳೊಳಗೆ, ಅದು ಕಡ್ಡಾಯ.

ಇಲ್ಲಿ ವಾಸಿಸಲು ಕೊಡುವ ರೆಸಿಡೆನ್ಸಿ ಕಾರ್ಡ್ ಕೈಗೆ ಬಂದ ದಿನ ನನ್ನ ಹೆಂಡತಿ ಮೊದಲು ನೋಡಿದ್ದು ಹಿಂಭಾಗದ ಸಾಲನ್ನು: ‘ಆರ್ಬೈಡ್ ವ್ರೈ ತುಗೆಸ್ತಾನ್’. ಕೆಲಸಕ್ಕೆ ಪೂರ್ತಿ ಅನುಮತಿ ಇದೆ, ಬೇರೆ ಪರ್ಮಿಟ್ ಬೇಡ ಎಂದರ್ಥ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯವರೂ ಸೇರಿ ಎಲ್ಲರೂ ಅವಳು ಇಲ್ಲಿಗೆ ಅಡುಗೆ ಮಾಡಿಕೊಂಡಿರಲು ಬರುತ್ತಾಳೆ ಎಂದುಕೊಂಡಿದ್ದರು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬೀಜ ವಿಜ್ಞಾನ ಓದಿದವಳು ಅವಳು. ದೇಶ ಆರಿಸಿಕೊಳ್ಳುವಾಗ ನಿಮ್ಮ ಸಂಬಳದ ಜೊತೆ ಇದನ್ನೂ ಕೇಳಿ, ಸಂಗಾತಿಗೆ ಕೆಲಸ ಮಾಡುವ ಹಕ್ಕು ಇದೆಯೇ ಎಂದು. ಎಷ್ಟೋ ಕಡೆ ಇರುವುದಿಲ್ಲ.

ಅವಳ ಕಾರ್ಡಿನ ಅವಧಿ ನನ್ನ ಕಾರ್ಡಿಗೆ ಕಟ್ಟಿದ್ದು. ನನ್ನ ಮೊದಲ ಕರಾರು ಒಂದೇ ವರ್ಷದ್ದು, ಆದ್ದರಿಂದ ಫೆಬ್ರವರಿಯಲ್ಲಿ ಬಂದವಳ ಕಾರ್ಡೂ ನನ್ನದರ ಜೊತೆಗೇ ಸೆಪ್ಟೆಂಬರಿಗೆ ಮುಗಿಯುತ್ತಿತ್ತು. ನವೀಕರಣಕ್ಕೆ ಇಬ್ಬರದೂ ಬೇರೆ ಬೇರೆ ಅರ್ಜಿ. ಈ ಸಲ ಎರಡನ್ನೂ ಒಂದೇ ದಿನ ಹಾಕಿಸಿದೆವು. ಕಳಿಸುವ ಮೊದಲು ತನ್ನ ಅರ್ಜಿಯನ್ನು ಅವಳು ಓದಿದಳು, ನನ್ನದನ್ನೂ ಓದಿದಳು. ಈಗ ಬೆಳಿಗ್ಗೆ ಏಳಕ್ಕೆ ಸೈಕಲ್ ಹತ್ತಿ ಟೊಮೆಟೊ ತಳಿಗಳ ಗಾಜಿನಮನೆಗೆ ಕೆಲಸಕ್ಕೆ ಹೋಗುತ್ತಾಳೆ. ಕೊರಳಲ್ಲಿ ತೂಗುವ ಗುರುತಿನ ಚೀಟಿಯಲ್ಲಿ ಹೆಸರಿನ ಕೊನೆಗೆ ಎರಡು ‘ಡಬ್ಲ್ಯು’ ಇವೆ. ಅಲ್ಲಿನವರು ಅದನ್ನು ನೋಡಿ ಹೇಗೆ ಕರೆಯಬೇಕು ಎಂದು ಕೇಳಿದಾಗ, ‘ವ್ವ’ ಎನ್ನುವುದನ್ನು ಅವಳು ನಿಧಾನವಾಗಿ, ಎರಡು ಸಲ ಹೇಳಿಕೊಡುತ್ತಾಳೆ.