ಹಿತ್ತಿಲ ನೀರಿನ ತಟ್ಟೆ, ಚಳಿಗಾಲದ ಹಕ್ಕಿಗಳು

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ತೋಟದ ಮನೆಗಳಲ್ಲಿ ಹಕ್ಕಿಗೆಂದು ನುಚ್ಚಕ್ಕಿ ಇಡುವುದುಂಟು. ಅದಕ್ಕೆ ಬರುವ ಚೋರೆಹಕ್ಕಿ, ರಾಟವಾಳ, ಹರಟೆಮಲ್ಲ ಎಲ್ಲ ವರ್ಷವಿಡೀ ಊರಲ್ಲೇ ಇರುವವು. ಮಳೆಗಾಲ ಕಳೆದು ಉತ್ತರದಿಂದ ಬರುವ ನವರಂಗ, ರಾಜಹಕ್ಕಿಗಳು ಹುಳ ತಿನ್ನುವವು; ಕಾಳಿಗೆ ಬರುವುದಿಲ್ಲ. ಹಾಗಾಗಿ ವಲಸೆ ಹಕ್ಕಿಗಳ ಏರಿಳಿತ ತಿಳಿಯಲು ನಾನು ನಂಬುವುದು ನೀರಿನ ತಟ್ಟೆಯನ್ನು.

ಸುಮಾರು 40 ಸೆಂ.ಮೀ. ಅಗಲದ, ಒಳಗೆ ನಯವಿಲ್ಲದ ಮಣ್ಣಿನ ತಟ್ಟೆ ಒಳ್ಳೆಯದು. ಅಂಚಿನಲ್ಲಿ 2 ಸೆಂ.ಮೀ., ನಡುವೆ 5 ಸೆಂ.ಮೀ. ನೀರು, ಕಾಲೂರಲು ಒಂದು ಚಪ್ಪಟೆ ಕಲ್ಲು. ಆಳ ಹೆಚ್ಚಾದರೆ ಸಣ್ಣ ಹಕ್ಕಿಗಳು ಇಳಿಯುವುದಿಲ್ಲ. ಒಂದು ತಟ್ಟೆ ನೆಲದಲ್ಲೇ ಇರಲಿ, ನವರಂಗಕ್ಕೂ ನೆಲಸಿಳ್ಳಾರಕ್ಕೂ ಅದೇ ಬೇಕು. ಪೊದೆಯಿಂದ ಎರಡು ಮೀಟರ್ ದೂರವಿಟ್ಟರೆ ಬೆಕ್ಕು ಹೊಂಚಲಾಗದು, ಹಕ್ಕಿಗೆ ಹಾರಿ ಸೇರಲು ಆಸರೆಯೂ ಉಂಟು. ನೀರನ್ನು ದಿನವೂ ಚೆಲ್ಲಿ, ತಟ್ಟೆಯನ್ನು ತೆಂಗಿನ ನಾರಿನಿಂದ ಉಜ್ಜಬೇಕು. ಬಿಟ್ಟರೆ ಪಾಚಿ ಕಟ್ಟುತ್ತದೆ, ಸೊಳ್ಳೆ ಮರಿಯಾಗುತ್ತದೆ. ಪಿಕಳಾರ, ಕುಟುರಗಳಿಗೆ ಹಣ್ಣಾದ ಕದಳಿ ಬಾಳೆ ತೂಗುಹಾಕುವುದಾದರೆ ತಂತಿಯ ನಡುವೆ ನೀರು ತುಂಬಿದ ತೆಂಗಿನ ಗೆರಟೆ ಪೋಣಿಸಿದರೆ ಇರುವೆ ಇಳಿಯುವುದಿಲ್ಲ. ತಂತಿಗೆ ಗ್ರೀಸ್ ಹಚ್ಚಲೇಬಾರದು, ಗರಿಗೆ ಅಂಟಿದರೆ ಹೋಗುವುದಿಲ್ಲ. ಉಪ್ಪು ಹಾಕಿದ ಅನ್ನವೂ ಬೇಡ.

ಡಿಸೆಂಬರ್, ಜನವರಿಯಲ್ಲಿ ತಟ್ಟೆ ಖಾಲಿ ಖಾಲಿಯಾದಾಗ ಹಕ್ಕಿಯೇ ಇಲ್ಲವಾಯಿತೆಂದು ಹೇಳುವ ಮೊದಲು ತೋಟ ನೋಡಬೇಕು. ಸ್ಪ್ರಿಂಕ್ಲರ್ ಶುರುವಾದ ಕೂಡಲೇ ಮೀಯುವ ಹಕ್ಕಿಗಳು ಆ ಒದ್ದೆ ನೆಲಕ್ಕೆ ಹೋಗುತ್ತವೆ. ಗೋಳಿ ಹಣ್ಣಾದರೆ ಕುಟುರ ಬಾಳೆಹಣ್ಣಿನತ್ತ ತಿರುಗಿಯೂ ನೋಡದು. ನವರಂಗದ ವಿಷಯ ಬೇರೆ: ದನದ ಹಟ್ಟಿಗೆಂದು ತರಗೆಲೆಯನ್ನೆಲ್ಲ ಗುಡಿಸಿ ಒಯ್ದರೆ ಅದು ಕೆದಕಿ ಹುಳ ಹೆಕ್ಕುವ ಜಾಗವೇ ಹೋಯಿತು. ತೋಟದ ಒಂದು ಮೂಲೆಯಲ್ಲಾದರೂ ನೆರಳಿನ ತರಗೆಲೆಯನ್ನು ಮೇ ತನಕ ಮುಟ್ಟದೆ ಬಿಡಿ ಎಂದು ನಾನು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ನೀರಿಗಿಂತಲೂ ಅದು ಮುಖ್ಯ.

ಲೆಕ್ಕಕ್ಕೆ ಬೆಳಗ್ಗೆ ಬೆಳಕಾದ ಮೇಲೆ 15 ನಿಮಿಷ, ಸಂಜೆ ಸೂರ್ಯ ಮುಳುಗುವ ಮುಂಚೆ 15 ನಿಮಿಷ, ಪ್ರತಿ ವರ್ಷವೂ ಅದೇ ಜಾಗದಲ್ಲಿ. ಒಂದೇ ಮಡಿವಾಳ ಹಕ್ಕಿ ಐದು ಸಲ ಬಂದರೂ ಒಂದೇ. ಪ್ರತಿ ಜಾತಿಯದೂ ಒಟ್ಟಿಗೆ ಕಂಡ ಅತಿ ಹೆಚ್ಚು ಸಂಖ್ಯೆಯನ್ನಷ್ಟೇ ಬರೆಯಬೇಕು. ಸ್ಪ್ರಿಂಕ್ಲರ್, ಗೋಳಿ ಹಣ್ಣು, ಗುಡಿಸಿದ ದಿನ ಪಕ್ಕದಲ್ಲೇ ಇರಲಿ. ಏನೂ ಬಾರದ ದಿನವನ್ನೂ ಬರೆದಿಡಿ, ಅದಿಲ್ಲದೆ ಹೋಲಿಕೆ ನಿಲ್ಲದು. ಫೆಬ್ರವರಿಯ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್, ಅಂದರೆ ಜಗತ್ತಿನಾದ್ಯಂತ ಜನರೇ ಮಾಡುವ ಹಕ್ಕಿ ಎಣಿಕೆ, ನಾಲ್ಕು ದಿನ ನಡೆಯುತ್ತದೆ. 15 ನಿಮಿಷದ ಇದೇ ಪಟ್ಟಿಯನ್ನು ಹಕ್ಕಿ ದಾಖಲೆಯ ಜಾಲತಾಣವಾದ ಇ-ಬರ್ಡ್‌ಗೆ ಹಾಕಬಹುದು. ಅಪರೂಪದ್ದನ್ನು ಮಾತ್ರವಲ್ಲ, ಕಾಗೆಯನ್ನೂ ಸೇರಿಸಿ.