ಅಂಟು ಬಿಡದ ರೆಸಿನ್ ಕೀಚೈನ್: ನನ್ನ ಅನುಭವ

ಸೇವಂತಿಗೆ ಎಸಳು ಹಾಕಿ ಎಪಾಕ್ಸಿ ರೆಸಿನ್‌ನಲ್ಲಿ ಕೀಚೈನ್ ಎರಕ ಹೊಯ್ದಿದ್ದೆ. ಹಾರ್ಡನರ್ ಅನ್ನುವ ಇನ್ನೊಂದು ದ್ರವ ಕಲಸಿದರೆ ಗಟ್ಟಿಯಾಗುವ ದ್ರವ ಈ ರೆಸಿನ್. ಮೂರು ದಿನ ಆದರೂ ಗಟ್ಟಿಯಾಗಲಿಲ್ಲ. ಒತ್ತಿದರೆ ಹೆಬ್ಬೆಟ್ಟಿನ ಗೆರೆಗಳು ಅಚ್ಚೊತ್ತಿದ ಹಾಗೆ ಮೂಡಿದವು. ಹಲಸಿನ ಮೇಣದ ಹಾಗೆ ಅಂಟು. ಮಂಗಳೂರಿನ ಮಳೆಗಾಲ ಅಲ್ವಾ, ಸುಮ್ನೆ ಹವೆಯನ್ನೇ ಬೈದೆ.

ತಪ್ಪು ಇದ್ದದ್ದು ಅಳತೆಯಲ್ಲಿ. ಬಾಟಲಿಯ ಮೇಲೆ 2:1 (ಎರಡು ಪಾಲು ರೆಸಿನ್, ಒಂದು ಪಾಲು ಹಾರ್ಡನರ್) ಅಂತ ಇತ್ತು, ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ 'ತೂಕದ ಪ್ರಕಾರ'. ನಾನು ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದಿದ್ದೆ! ಹಾರ್ಡನರ್ ರೆಸಿನ್‌ಗಿಂತ ಹಗುರ. ಹಾಗಾಗಿ ಮುಚ್ಚಳದ ಲೆಕ್ಕ ಸರಿಯಿದ್ದರೂ ಹಾರ್ಡನರ್ ತೂಕದಲ್ಲಿ ಕಮ್ಮಿ ಬಿದ್ದಿತ್ತು. ಅಡುಗೆಮನೆಯ ತಕ್ಕಡಿಯೂ ಸಾಲದು. 5 ಗ್ರಾಂ ಹಾರ್ಡನರ್‌ನಲ್ಲಿ ಅರ್ಧ ಗ್ರಾಂ ಆಚೀಚೆ ಆದರೆ ಶೇ. 10 ತಪ್ಪಿದಂತೆ. 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ತಂದೆ.

ಕಲಸುವುದನ್ನೂ ಬದಲಿಸಿದೆ. ನಾಲ್ಕು ನಿಮಿಷ ನಿಧಾನಕ್ಕೆ ತಿರುಗಿಸಿ, ಲೋಟದ ತಳ, ಅಂಚು ಕೆರೆದು, ಇನ್ನೊಂದು ಲೋಟಕ್ಕೆ ಸುರಿದು ಮತ್ತೊಮ್ಮೆ ಕಲಸುತ್ತೇನೆ. ಕಲಸುವ ಮುಂಚೆ ರೆಸಿನ್ ಬಾಟಲಿಯನ್ನು ಹತ್ತು ನಿಮಿಷ ಬಿಸಿನೀರಲ್ಲಿ ಇಟ್ಟರೆ ಅದು ತೆಳುವಾಗಿ ಗುಳ್ಳೆ ಕಮ್ಮಿಯಾಗುತ್ತದೆ. ಬಾಟಲಿ ಒರೆಸಿಯೇ ಸುರಿಯಿರಿ. ಒಂದು ಹನಿ ನೀರು ಬಿದ್ದರೂ ಕೆಲಸ ಕೆಟ್ಟಿತು. ಎಸಳುಗಳನ್ನು ಹಳೇ ಪುಸ್ತಕದೊಳಗೆ ಎರಡು ವಾರ ಒಣಗಿಸಿದೆ. ಹಸಿ ಹೂವು ಒಳಗೇ ಕಂದು ತಿರುಗುತ್ತದೆ. ಗ್ಲೌಸ್ ಹಾಕಿ, ಕಿಟಕಿ ತೆಗೆದಿಡಿ, ಇದರಲ್ಲಿ ಸೋಮಾರಿತನ ಬೇಡ.

ಹಳೇ ಕೀಚೈನ್ ಉಳಿಯಲಿಲ್ಲ. ಮೇಲ್ಪದರ ಮಾತ್ರ ಅಂಟಾಗಿದ್ದರೆ ಒರೆಸಿ, ಉಜ್ಜಿ, ಹೊಸ ಪದರ ಹೊಯ್ಯಬಹುದಿತ್ತು. ನನ್ನದು ಒಳಗೂ ಮೆತ್ತಗಿತ್ತು. ಎಸೆದೆ. ಹೊಸದು ಮರುದಿನವೇ ಅಚ್ಚಿನಿಂದ ಟಕ್ ಅಂತ ಬಿಟ್ಟಿತು.